ಬಾಮೈದ ಹಿಡಿಯುವ ಹಗ್ಗ

ಕಳೆದ ಬೇಸಿಗೆಯಲ್ಲಿ ಮಗಳು ಶಿಬಿರಕ್ಕೆ ಹೋಗಲು ದೊಡ್ಡ ಚೀಲ ಬೇಕೆಂದಾಗ ಅಟ್ಟ ಹತ್ತಿ ನನ್ನ ಹಳೆಯ ಬೆನ್ನುಚೀಲವನ್ನು ಕೆಳಗಿಳಿಸಿದೆ. ದೂಳು ಕೊಡವಿ ಜೇಬುಗಳನ್ನು ಒಂದೊಂದಾಗಿ ತಡಕುತ್ತಿದ್ದಾಗ ಪಕ್ಕದ ಜೇಬಿನಿಂದ ಬಟ್ಟೆಯ ಗಂಟೊಂದು ಬಿತ್ತು. ಬಿಚ್ಚಿದರೆ ನಿಂಬೆಹಣ್ಣಿನ ಗಾತ್ರದ ಜೇನುಮೇಣದ ಉಂಡೆ. ಆರು ವರ್ಷವಾದರೂ ವಾಸನೆ ಹಾಗೇ ಇತ್ತು. ಹೊಗೆ, ಜೇನು, ಒಣಗಿದ ಎಲೆ... ಮಗಳು ಮೂಸಿ ನೋಡಿ, "ಅಪ್ಪಾ, ಇದೇನು ಬೆಲ್ಲನಾ?" ಅಂದಳು. ಹಿಮ್ಮಡಿಯ ಒಡಕಿಗೆ ಹಚ್ಚುವ ಮೇಣ ಅಂದೆ. ಯಾರು ಕೊಟ್ಟರು ಅಂದಳು. ಉಂಡೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದೆ.

ಕೊಟ್ಟವಳು ಒಬ್ಬ ಅಕ್ಕ. ಒಡಹುಟ್ಟಿದವಳಲ್ಲ. ಒಡೆಯರಪಾಳ್ಯದಿಂದ ಆಚೆ, ಕಾಡಿನ ಅಂಚಿನ ಒಂದು ಪೋಡಿನಲ್ಲಿ, ಅಂದರೆ ಸೋಲಿಗರ ಹಾಡಿಯಲ್ಲಿ, ಒಂಬತ್ತು ದಿನ ನನಗೆ ಹಿಟ್ಟು ಹಾಕಿದವಳು. ಅವಳ ಗಂಡನನ್ನು ನಾನು ಭಾವ ಅನ್ನುತ್ತಿದ್ದೆ. ಇದು ಆ ಭಾವನನ್ನು ಕುರಿತ ಬರಹ. ನಿಜ ಹೇಳಬೇಕೆಂದರೆ ನನ್ನನ್ನೇ ಕುರಿತದ್ದು, ಆದರೆ ಅಷ್ಟು ಧೈರ್ಯ ಒಂದೇ ಏಟಿಗೆ ಬರುವುದಿಲ್ಲ.

ನನ್ನ ಪುರಾಣವನ್ನು ಮೊದಲು ಮುಗಿಸಿಬಿಡುತ್ತೇನೆ. ನಾವು ಕೊಳ್ಳೇಗಾಲದವರು, ರೇಷ್ಮೆ ಮಗ್ಗದ ಮನೆ. ಅಪ್ಪನ ಜೊತೆ ಮಗ್ಗಕ್ಕೆ ಕೂರದೆ ನಾನು ಟೈ ಕಟ್ಟಿಕೊಂಡು ಮೆಡಿಕಲ್ ರೆಪ್ ಆದೆ. ಹದಿಮೂರು ವರ್ಷ ಊರೂರು ಸುತ್ತಿ ಡಾಕ್ಟರುಗಳಿಗೆ ಹಲ್ಲು ಗಿಂಜಿದೆ. ನಾನು ಮಾರುತ್ತಿದ್ದದ್ದು ಮೂಳೆ ಗಟ್ಟಿಯಾಗುವ ಕ್ಯಾಲ್ಸಿಯಂ ಮಾತ್ರೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನೀವೇ ನನಗೆ ಉಗಿಯುತ್ತೀರಿ. ಒಂದು ಮಧ್ಯಾಹ್ನ ಡಾಕ್ಟರೊಬ್ಬರು ಮೂರು ಗಂಟೆ ಹೊರಗೆ ಕೂರಿಸಿ, ಬಾಗಿಲಿಂದ ತಲೆ ಹಾಕಿ, "ಇವತ್ತು ಬೇಡಪ್ಪಾ" ಅಂದಾಗ ಒಳಗೆ ಏನೋ ಪಟ್ಟೆಂದು ಕಳಚಿತು. ಆರು ತಿಂಗಳು ಸಂಬಳವಿಲ್ಲದ ರಜೆ ಬರೆದುಕೊಟ್ಟೆ. ಹೆಂಡತಿ, "ಹೋಗಿ ಬನ್ನಿ, ಇಲ್ಲೇ ಇದ್ದರೆ ನಮ್ಮನ್ನು ಅಗಿದು ತಿಂತೀರಿ" ಅಂದಳು. ಚೀಲ ಕೊಂಡೆ, ಬೂಟು ಕೊಂಡೆ, ಮೊಳದುದ್ದದ ಲೆನ್ಸಿನ ಕ್ಯಾಮೆರಾ ಕೊಂಡೆ. ನಲವತ್ತು ಕಿಲೋಮೀಟರಿನಾಚೆ ಕಾಡಿಟ್ಟುಕೊಂಡು ಮೂವತ್ತಾರು ವರ್ಷ ಒಂದು ಆನೆಯನ್ನೂ ಎದುರಿಗೆ ನೋಡದವನು ನಾನು. ಯಳಂದೂರಿನಿಂದ ಶುರುಮಾಡಿ, ಬೆಟ್ಟಗಳ ಅಂಚು ಹಿಡಿದು, ಹನೂರಿನ ಕಡೆಗೆ ಇಳಿಯುವುದು, ಒಬ್ಬನೇ, ಸಿಕ್ಕಲ್ಲಿ ಉಂಡು ಸಿಕ್ಕಲ್ಲಿ ಮಲಗಿ... ಅದು ನನ್ನ ಯೋಜನೆ.

ಸುಮ್ಮನೆ ಹೇಳಬಾರದು, ಮೊದಲ ತಿಂಗಳು ಸೊಗಸಾಗಿತ್ತು. ಶಾಲೆಯ ಜಗಲಿ, ದೇವಸ್ಥಾನದ ಪಡಸಾಲೆ, ಯಾರದೋ ರಾಗಿ ಹೊಲದ ಅಟ್ಟಣೆ, ಎಲ್ಲೆಂದರಲ್ಲಿ ಮಲಗಿದೆ. ಮುಸಿಯವೊಂದು ನನ್ನ ಬಿಸ್ಕತ್ತಿನ ಜೊತೆಗೆ ಟೂತ್‌ಪೇಸ್ಟನ್ನೂ ಎತ್ತಿಕೊಂಡು ಮರ ಹತ್ತಿ, ಹಿಂಡಿ ನೆಕ್ಕಿ, ಮುಖ ಸಿಂಡರಿಸಿ ನನ್ನ ಮೇಲೇ ಎಸೆಯಿತು. ಉಣ್ಣೆಗಳು ಕಂಕುಳಲ್ಲಿ ಸಂಸಾರ ಹೂಡಿದವು. ಒಂದು ಬೆಳಿಗ್ಗೆ ಕೆರೆಯಂಗಳದಲ್ಲಿ ಹನ್ನೊಂದು ಕಾಟಿಗಳು ತಲೆಯೆತ್ತಿ ನನ್ನನ್ನೇ ನೋಡಿದವು. ಕ್ಯಾಮೆರಾ ಎತ್ತುವುದು ಮರೆತು ಹಾಗೇ ನಿಂತುಬಿಟ್ಟೆ. ನನ್ನ ಬದುಕಿನ ಒಳ್ಳೆಯ ಗಳಿಗೆಗಳಲ್ಲಿ ಅದೂ ಒಂದು. ಆದರೆ ಸಂಜೆ ಸಿಗ್ನಲ್ ಸಿಕ್ಕ ಕಡೆ ಫೋನು ತೆರೆದರೆ ಎಲ್ಲರದೂ ಒಂದೇ ಪ್ರಶ್ನೆ. ಹುಲಿ ಸಿಕ್ತಾ? ಚಿರತೆ ಸಿಕ್ತಾ? ಇಲ್ಲ ಅಂದರೆ ಅಯ್ಯೋ ಪಾಪ ಅನ್ನುವ ಮೂತಿಯ ಚಿತ್ರ ಕಳಿಸುವರು. ದಿನ ಹೋದಂತೆ ನನಗೂ ಕಾಟಿ, ಕಡವೆ, ನವಿಲು ಎಲ್ಲ ಸಪ್ಪೆಯಾದವು. ಚಿರತೆಯ ಒಂದು ಫೋಟೊ ಸಿಗದೆ ಮನೆಗೆ ಹೋದರೆ ಮಾನ ಹೋದಂತೆ ಅಂತ ತಲೆಗೆ ಹೊಕ್ಕಿತು. ತಲೆ ಕೆಟ್ಟಿತ್ತು, ಇನ್ನೇನು.

ಭಾವ ಸಿಕ್ಕಿದ್ದು ಒಡೆಯರಪಾಳ್ಯದ ಹತ್ತಿರ. ಅಲ್ಲಿಯ ಟಿಬೆಟನ್ನರ ಹೋಟೆಲಿನಲ್ಲಿ ಬಿಸಿಬಿಸಿ ತುಕ್ಪಾ ಕುಡಿದು, ಬಸ್ಸಿಗೆ ಕಾಯಲಾರದೆ ಕಾಡುರಸ್ತೆಯಲ್ಲಿ ನಡೆದು ಹೊರಟಿದ್ದೆ. ಒಂದು ತಿರುವಿನಲ್ಲಿ ಹಿಂದಿನಿಂದ ಯಾರೋ ನನ್ನ ಚೀಲ ಹಿಡಿದು ಜಗ್ಗಿ, ಲಂಟಾನದ ಪೊದೆಯ ಹಿಂದಕ್ಕೆ ಎಳೆದುಕೊಂಡರು. ಬಾಯಿ ತೆರೆಯುವ ಮೊದಲೇ ಬಾಯಿ ಮೇಲೆ ಕೈ. ತಿರುವಿನ ಆಚೆ, ಮೂವತ್ತು ಮಾರು ದೂರದಲ್ಲಿ, ಬಿದಿರಿನ ನೆರಳಲ್ಲಿ ಒಂಟಿಸಲಗ ನಿಂತಿತ್ತು. ಕಿವಿ ಬೀಸಿದಾಗ ಮಾತ್ರ ಅದು ಆನೆ ಅಂತ ಗೊತ್ತಾಗುತ್ತಿತ್ತು. ಒಂದು ಗಂಟೆ ನಾವಿಬ್ಬರೂ ಉಸಿರು ಬಿಗಿಹಿಡಿದು ಕುಕ್ಕುರುಗಾಲಲ್ಲಿ ಕೂತೆವು. ಅದು ಹೋದ ಮೇಲೆ ಆತ ಬೀಡಿ ಹಚ್ಚಿ, ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಏನ್ ಸಾ, ಮೂಗು ಅಡವಿಟ್ಟು ಬಂದಿದ್ದೀಯಾ? ಅಷ್ಟು ನಾತ ಒಡೀತಾ ಅದೆ, ನೀ ನೆಟ್ಟಗೆ ಅದರ ಒಟ್ಟೆಗೇ ಓಯ್ತಿದ್ದೆ!"

ಐವತ್ತರ ಆಸುಪಾಸು. ಗಿಡ್ಡ ಆಳು, ಬೆಂಕಿಕಡ್ಡಿಯಂಥ ಮೈ, ಪಾದ ಮಾತ್ರ ಅಗಲ. ನಗುವಾಗ ಮೊದಲು ಕಣ್ಣು ಮುಚ್ಚುತ್ತಿದ್ದವು, ಆಮೇಲೆ ಬಾಯಿ ತೆರೆಯುತ್ತಿತ್ತು. ನನ್ನನ್ನು ಪೋಡಿಗೆ ಕರೆದುಕೊಂಡು ಹೋಗಿ ಹೆಂಡತಿಗೆ, "ಆನೆ ಬಾಯಿಂದ ಒಬ್ರು ಸಾಯೇಬ್ರನ್ನ ಕಿತ್ಕಂಡ್ ಬಂದಿವ್ನಿ, ಇಟ್ಟಾಕು" ಅಂದ. ಒಂದು ರಾತ್ರಿಗೆಂದು ಹೋದವನು ಒಂಬತ್ತು ದಿನ ಉಳಿದೆ. ಅವರು ಹೋಗು ಅನ್ನಲಿಲ್ಲ, ನಾನು ಹೋಗುತ್ತೇನೆ ಅನ್ನಲಿಲ್ಲ.

ಆ ಒಂಬತ್ತು ದಿನ ಕಾಡು ನೋಡುವುದನ್ನು ಅವನು ಕಲಿಸಿದ. ಕರಡಿ ಹುತ್ತ ಕೆದಕಿದ ಜಾಗದಲ್ಲಿ ಮಣ್ಣು ಹಸಿಯೋ ಒಣಗಿದೆಯೋ ಮುಟ್ಟಿ ಹೇಳಬೇಕಿತ್ತು. ತಪ್ಪು ಹೇಳಿದರೆ, "ಥೂ, ನಿನ್ ಡಾಕ್ಟ್ರುಗಳು ಎಂಗ್ ನಂಬಿದ್ರೋ ನಿನ್ನ" ಅನ್ನುತ್ತಿದ್ದ. ಅಕ್ಕ ನನ್ನ ಒಡೆದ ಹಿಮ್ಮಡಿ ನೋಡಿ ಮೇಣದ ಉಂಡೆ ಕೊಟ್ಟಳು. ಬೂಟು ಹಾಕೋನ ಕಾಲು ಬರಿಗಾಲೋರಿಗಿಂತ ಮೆತ್ತಗೆ ಅಂತ ಅಕ್ಕಪಕ್ಕದವರನ್ನೆಲ್ಲ ಕರೆದು ನನ್ನ ಪಾದ ತೋರಿಸಿದಳು.

ಅದು ಹೆಜ್ಜೇನು ಇಳಿಸುವ ಕಾಲ. ಪೋಡಿನ ಮೇಲಿನ ಬಂಡೆಯ ಎದೆಯಲ್ಲಿ ನಾಲ್ಕು ಜೇನುಹುಟ್ಟುಗಳು ಮೊರದಷ್ಟು ಅಗಲ ನೇತಾಡುತ್ತಿದ್ದವು. ಭಾವ ದಿನವೂ ಸಂಜೆ ಕತ್ತೆತ್ತಿ ಅವನ್ನು ನೋಡುವುದು, ಆಮೇಲೆ ಮೋಡ ನೋಡುವುದು, ಆಮೇಲೆ ದಾರಿ ನೋಡುವುದು. ದಾರಿ ಯಾಕೆ ಅಂತ ಕೇಳಿದೆ. ಬಾಮೈದ ಬರಬೇಕು ಅಂದ. ಅಕ್ಕನ ತಮ್ಮ, ಪಕ್ಕದ ಗುಡಿಸಲಿನವನು, ಕಬ್ಬು ಕಡಿಯಲು ಕುಂತೂರಿಗೆ ಹೋಗಿದ್ದ. ಗ್ಯಾಂಗಿನ ಮೇಸ್ತ್ರಿ ಬಿಟ್ಟಿರಲಿಲ್ಲ. ಮಳೆ ಬಿದ್ದರೆ ನೊಣಗಳು ತುಪ್ಪವನ್ನೆಲ್ಲ ತಾವೇ ಕುಡಿದು ಹುಟ್ಟು ಬಿಟ್ಟು ಹೋಗುತ್ತವೆ. ಒಂದು ವರ್ಷದ ಕಾಯುವಿಕೆ ಮಣ್ಣುಪಾಲು.

"ಬೇರೆ ಯಾರಾದ್ರೂ ಹಗ್ಗ ಹಿಡಿಯಬಾರದಾ?" ಅಂದೆ.

ಭಾವ ನಗಲಿಲ್ಲ. ಅಲ್ಲಿಯ ತನಕ ಅವನು ನಗದೇ ಹೇಳಿದ ಮಾತು ಇದೊಂದೇ ಇರಬೇಕು. "ಎಂಗಾಯ್ತದೆ? ಬಂಡೆಗೆ ಇಳಿಯೋನ ಅಗ್ಗವ ಬಾಮೈದನೇ ಇಡೀಬೇಕು. ಅಣ್ತಮ್ಮನಾದ್ರೆ ಜಗಳ ಜಾಟಿ ನೆನಸ್ಕಂಡು ಸಡ್ಲ ಬುಟ್ಟಾನು. ಬಾಮೈದ ಬುಡಕಿಲ್ಲ. ಅವನ ಅಕ್ಕನ ತಾಳಿ ಆ ಅಗ್ಗದಲ್ಲದೆ ಕಣಪ್ಪ."

ಇದು ಅವರ ಮನೆತನದಲ್ಲಿ ತಾತನ ಕಾಲದಿಂದ ಬಂದ ರೂಢಿ. ಇಪ್ಪತ್ತು ವರ್ಷದಿಂದ ಭಾವ ಇಳಿಯುವುದು, ಬಾಮೈದ ಹಗ್ಗ ಹಿಡಿಯುವುದು. ಜೇನು ಮೇಲೆ ಬಂದ ಮೇಲೆ ಇಬ್ಬರೂ ಒಂದೇ ಎಲೆಯಲ್ಲಿ ಉಣ್ಣುವುದು. ಮಿಕ್ಕವರಿಗೆ ಆಮೇಲೆ.

ಇದನ್ನೆಲ್ಲ ಕೇಳಿಯೂ ನಾನು ಸುಮ್ಮನಿರಲಿಲ್ಲ. ಮಾರಾಟಗಾರನ ಬಾಯಿ ನನ್ನದು, ಹದಿಮೂರು ವರ್ಷ ಪಳಗಿದ್ದು. ಮೋಡ ನೋಡು ಅಂದೆ, ನನ್ನ ತೋಳು ನೋಡು ಅಂದೆ. ಕೊನೆಗೆ ಅಕ್ಕನ ಕಡೆ ತಿರುಗಿ, "ಯಾಕಕ್ಕಾ, ನಾನು ನಿನ್ನ ತಮ್ಮ ಅಲ್ಲವಾ?" ಅಂದೆ. ಮಾತೇನೋ ಆಡಿದೆ. ಜೇನಿಳಿಸುವ ಫೋಟೊ ಸಿಗುತ್ತದೆ ಅನ್ನುವ ಆಸೆ ಆ ಮಾತಿನ ಹಿಂದೆ ಇತ್ತು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?

ಮಾರನೆಯ ಬೆಳಿಗ್ಗೆ ಗಂಡನಿಗಿಂತ ಮೊದಲು ನನಗೆ ಮುದ್ದೆ ಬಡಿಸಿದಳು. ತವರಿನಿಂದ ಬಂದವನಿಗೆ ಹಾಗೆ ಬಡಿಸುತ್ತಾರಂತೆ. ಬಂಡೆಯ ನೆತ್ತಿಗೆ ನಮ್ಮ ಜೊತೆ ಹತ್ತಿ ಬಂದು, ಹನೂರಿನ ಸಂತೆಯಲ್ಲಿ ತಂದ ನೀಲಿ ನೈಲಾನ್ ಹಗ್ಗದ ತುದಿಯನ್ನು ತನ್ನ ಕೈಯಾರೆ ನನ್ನ ಕೈಗಿಟ್ಟಳು.

"ನೀ ನನ್ ತಮ್ಮ. ಬುಡಬ್ಯಾಡ."

ಇಷ್ಟೇ ಅಂದದ್ದು. ಅಂದು, ಹೆಂಗಸರು ಅಲ್ಲಿ ನಿಲ್ಲಬಾರದೆಂದು ಕೆಳಗಿಳಿದು ಹೋದಳು.

ಕೆಲಸ ಹೀಗೆ. ಬಳ್ಳಿ ಹೆಣೆದ ಏಣಿಯನ್ನು ಮರಕ್ಕೆ ಕಟ್ಟಿ ಬಂಡೆಯ ಕೆಳಕ್ಕೆ ಬಿಡುತ್ತಾರೆ. ಇಳಿಯುವವನ ಸೊಂಟಕ್ಕೆ ಇನ್ನೊಂದು ಹಗ್ಗ. ಆ ಹಗ್ಗವನ್ನು ಒಂದು ಮರದ ಮೋಟಿಗೆ ಸುತ್ತಿ ಮೇಲಿನವನು ಹಿಡಿದಿರಬೇಕು. ಹೆಜ್ಜೇನಿನ ಮುಂದೆ ಕೂಗುವಂತಿಲ್ಲ, ಹಗ್ಗವೇ ಮಾತು. ಒಂದು ಸಲ ಜಗ್ಗಿದರೆ ಸಡಿಲ ಬಿಡು ಅಂತ. ಎರಡು ಸಲ ಜಗ್ಗಿದರೆ ಬಿಗಿಹಿಡಿ, ಏಣಿ ಸರಿಯಿಲ್ಲ ಅಂತ. ಭಾವ ಇದನ್ನು ನನಗೆ ಹತ್ತು ಸಲ ಹೇಳಿಕೊಟ್ಟ. ಹೊಗೆಯ ಸೂಡಿ ಹಚ್ಚಿಕೊಂಡು, ತಗಡಿನ ಡಬ್ಬ ಬೆನ್ನಿಗೆ ಕಟ್ಟಿಕೊಂಡು, ಬಂಡೆಗೆ ಕೈಮುಗಿದು, ನನ್ನ ಕಡೆ ನೋಡಿ ಕಣ್ಣು ಮುಚ್ಚಿ ನಕ್ಕು, "ಬರ್ಲಾ ಬಾಮೈದ?" ಅಂದ. ಅಷ್ಟು ದಿನ ಸಾ ಅನ್ನುತ್ತಿದ್ದವನು ಅವತ್ತು ಮೊದಲ ಸಲ ಹಾಗಂದದ್ದು.

ಮೂರು ಹುಟ್ಟು ಸರಾಗವಾಗಿ ಇಳಿದವು. ನನ್ನ ಅಂಗೈ ಉರಿಯುತ್ತಿತ್ತು, ಆದರೆ ನಾನು ಹಗ್ಗ ಬಿಟ್ಟಿರಲಿಲ್ಲ. ಇದನ್ನು ಹೇಳಿಕೊಳ್ಳಬೇಕು, ಯಾಕೆಂದರೆ ಮುಂದೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಬಿಸಿಲು ಏರಿತ್ತು. ಎದುರಿನ ದಿಬ್ಬದಲ್ಲಿ ಮುಸಿಯಗಳು ಖೆಕ್ ಖೆಕ್ ಅಂತ ಕೂಗತೊಡಗಿದವು. ತಲೆಯೆತ್ತಿದೆ. ಎದುರು ಬಂಡೆಯ ಮೇಲೆ, ಬಯಲಲ್ಲಿ, ಬಿಸಿಲಲ್ಲಿ, ಚಿರತೆ. ಬಂದು ಕೂತಿತು. ಬಾಲವನ್ನು ಒಮ್ಮೆ ಆಡಿಸಿ ನನ್ನನ್ನೇ ನೋಡಿತು.

ನಾನು ಹಗ್ಗವನ್ನು ಮೋಟಿಗೆ ಎರಡು ಸುತ್ತು ಸುತ್ತಿ, ತುದಿಯನ್ನು ಬೂಟುಗಾಲಲ್ಲಿ ಮೆಟ್ಟಿಕೊಂಡೆ. ಸಾಕು ಅಂದುಕೊಂಡೆ. ಒಂದೇ ನಿಮಿಷ ಅಂದುಕೊಂಡೆ. ಆ ಲೆನ್ಸು ಭಾರ, ಎರಡು ಕೈಯೂ ಬೇಕು. ಮೊದಲನೆಯದು ಅಲುಗಿತು. ಎರಡನೆಯದು ತೆಗೆಯುವಾಗ ಕಾಲಡಿಯ ಹಗ್ಗ ಜಗ್ಗಿತು. ಮತ್ತೆ ಜಗ್ಗಿತು. ಎರಡು ಸಲ. ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ, ಆದರೆ ಗೊತ್ತಾಗಿತ್ತು. ಇನ್ನೊಂದು ಫೋಟೊ ಅಂದುಕೊಂಡೆ. ಚಿರತೆ ಮುಖ ತಿರುಗಿಸಿತು, ಬಿಸಿಲು ಅದರ ಕಣ್ಣಿಗೆ ಬಿತ್ತು, ಗುಂಡಿ ಒತ್ತಿದೆ. ಬೂಟಿನಡಿಯಿಂದ ಹಗ್ಗ ಸರ್ರನೆ ಹೊರಟೇಹೋಯಿತು.

ಏಣಿಯ ಬಳ್ಳಿ ಕಿತ್ತಿತ್ತು. ಮೋಟಿನ ಎರಡು ಸುತ್ತಿನಿಂದ ಹಗ್ಗ ಸ್ವಲ್ಪ ತಡೆದು ಬಿಟ್ಟಿದ್ದರಿಂದ ಭಾವ ಸಾಯಲಿಲ್ಲ. ಕೆಳಗಿನ ಚಪ್ಪಡಿಯ ಮೇಲೆ ಸೊಂಟ ಊರಿ ಬಿದ್ದ. ಆ ಸದ್ದು... ಬೇಡ, ಅದನ್ನು ಬರೆಯಲಾರೆ.

ಪೋಡಿನವರು ಕಂಬಳಿಯಲ್ಲಿ ಹೊತ್ತು ರಸ್ತೆಗೆ ತಂದರು. ಲೊಕ್ಕನಹಳ್ಳಿಯಿಂದ ಜೀಪು ಬಂತು. ಹಿಂದಿನ ಸೀಟಿನಲ್ಲಿ ಅವನ ತಲೆ ನನ್ನ ತೊಡೆಯ ಮೇಲೆ. ಅಕ್ಕ ಮುಂದೆ, ಡ್ರೈವರಿನ ಪಕ್ಕ. ಹಳ್ಳ ಬಂದಾಗಲೆಲ್ಲ ಅವನ ಹಲ್ಲು ಕಟಕಟ ಅನ್ನುತ್ತಿತ್ತು. ಕೊಳ್ಳೇಗಾಲ ಹತ್ತಿರ ಬಂದಾಗ ಕಣ್ಣಲ್ಲೇ ನನಗೆ ಬಗ್ಗು ಅಂದ. ಬಗ್ಗಿದೆ.

"ನಾನೂ ನೋಡ್ದೆ ಅದ. ಎದುರು ಬಂಡೆ ಮ್ಯಾಲೆ. ಪೋಟ ಚೆಂದಾಗ್ ಬಂತಾ?"

ಕೊಂಕಿಲ್ಲ, ಸಿಟ್ಟಿಲ್ಲ. ನಿಜವಾಗಿ ಕೇಳಿದ. ನಾನು ಅಳತೊಡಗಿದೆ. ಅವನು ನನ್ನ ಬೆರಳು ಹಿಡಿದುಕೊಂಡು ಪಿಸುಗುಟ್ಟಿದ. "ಸುಮ್ಕಿರು. ನನ್ ಕಾಲೇ ಜಾರ್ತು ಅಂತೀನಿ. ಅಗ್ಗ ಬುಟ್ಟೋನು ಅಂದ್ರೆ ಇವ್ಳು ನಿನ್ನ ಮೊಖ ನೋಡಕಿಲ್ಲ, ಪೋಡ್ನೋರು ಬುಡಕಿಲ್ಲ. ನೀನಾಗಿ ಯೋಳೋಗಂಟ ನಾ ಬಾಯಿ ಬುಡಕಿಲ್ಲ, ಆಣೆ."

ನೀನಾಗಿ ಹೇಳುವ ತನಕ. ಆ ಮಾತಿನ ತೂಕ ಅವತ್ತು ನನಗೆ ತಿಳಿಯಲಿಲ್ಲ. ಬಚಾವಾದೆ ಅನ್ನುವುದಷ್ಟೇ ತಿಳಿಯಿತು.

ಮರುದಿನ ಕುಂತೂರಿನಿಂದ ಬಾಮೈದ ಆಸ್ಪತ್ರೆಗೆ ಓಡಿಬಂದ. ಕೈತುಂಬ ಕಬ್ಬಿನ ಗರಿ ಕೊಯ್ದ ಗೀರುಗಳು, ಲುಂಗಿಯಲ್ಲಿ ಮಸಿ. ಭಾವನ ಮಂಚದ ಕಾಲಬಳಿ ನಿಂತು ತನ್ನ ಕೆನ್ನೆಗೆ ತಾನೇ ಪಟಪಟ ಹೊಡೆದುಕೊಂಡ. "ನಾನಿಲ್ದೆ ಓದ್ನಲ್ಲ ಭಾವ! ನಾನಿದ್ದಿದ್ರೆ ನೀ ಜಾರಿದ್ರೂ ಎತ್ಕತಿದ್ನಲ್ಲ! ಕಬ್ಬು ಎಕ್ಕುಟ್ಟೋಗ್ಲಿ, ನಾ ಯಾಕ್ ಓದೆ!" ಅಂತ ಗೋಳಾಡಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ನನ್ನ ಕಣ್ಣೆದುರಿಗೇ ಆ ಬರೆ ಬಿದ್ದದ್ದು. ನಾನು ಒಂದು ಮಾರು ದೂರದಲ್ಲಿ ಗೋಡೆಗೊರಗಿ ನಿಂತಿದ್ದೆ. ಭಾವ ಬಾಮೈದನನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಈಗ ಹೇಳುತ್ತೀಯಾ ಅನ್ನುವ ಹಾಗೆ. ನಾನು ಹೊರಗೆ ಹೋಗಿ ಎಳನೀರು ತಂದೆ.

ಮೂಳೆಯ ವಿಷಯ ನನಗೆ ಗೊತ್ತಿಲ್ಲದ್ದಲ್ಲ. ಎಕ್ಸ್‌ರೇ ನೋಡಿದ ಕೂಡಲೇ ಈತ ಇನ್ನು ಬಂಡೆ ಇಳಿಯುವುದಿರಲಿ, ನೆಟ್ಟಗೆ ನಡೆಯುವುದೂ ಕಷ್ಟ ಅಂತ ಗೊತ್ತಾಯಿತು. ಮೈಸೂರಿಗೆ ಸಾಗಿಸಿದರು. ಒಂದು ವಾರ ಬಿಟ್ಟು ಬರುತ್ತೇನೆ ಅಂತ ಅಕ್ಕನಿಗೆ ಹೇಳಿ ಹೊರಟೆ. ವಾರ ತಿಂಗಳಾಯಿತು, ತಿಂಗಳು ವರ್ಷವಾಯಿತು. ಕೆಲಸಕ್ಕೆ ಮರಳಿದೆ. ಆ ಚಿರತೆಯ ಫೋಟೊ ಇತ್ತಲ್ಲ, ಅದನ್ನು ಒಂದು ಸಂಜೆ ಫೋನಿನಲ್ಲಿ ಎಲ್ಲರೂ ನೋಡುವಂತೆ ಹಾಕಿಬಿಟ್ಟೆ. ಜನ ಮುಗಿಬಿದ್ದು ಹೊಗಳಿದರು. ಮ್ಯಾನೇಜರ್ ನೋಡಿ ಕಂಪನಿಯ ಕ್ಯಾಲೆಂಡರಿಗೆ ಬೇಕು ಅಂದರು. ಕೊಟ್ಟೆ. ಚಿರತೆಯ ಕೆಳಗೆ "ಮೂಳೆ ಗಟ್ಟಿಯಿದ್ದರೆ ಬದುಕು ಗಟ್ಟಿ" ಅಂತ ಅಚ್ಚು ಹಾಕಿಸಿದರು. ಆ ಕ್ಯಾಲೆಂಡರನ್ನು ನಾನೇ ಈ ಕೈಯಿಂದ ಡಾಕ್ಟರುಗಳ ಕೋಣೆ ಕೋಣೆಗೆ ಹಂಚಿದೆ. ಒಂದು ವರ್ಷ ಎಲ್ಲಿ ಹೋದರೂ ಅದು ಗೋಡೆಯಿಂದ ನನ್ನನ್ನು ನೋಡುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಯಾರೂ ಕಳ್ಳ ಅನ್ನಲೂ ಇಲ್ಲ, ನಾನು ಹೆಗಲು ಒರೆಸಿಕೊಳ್ಳುವುದು ನಿಲ್ಲಲೂ ಇಲ್ಲ. ಒಮ್ಮೆ ಒಡೆಯರಪಾಳ್ಯದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕ್ಯಾಲ್ಸಿಯಂ ಮಾತ್ರೆಯ ಪೊಟ್ಟಣ ಕಳಿಸಿದೆ. ನನ್ನ ಪ್ರಾಯಶ್ಚಿತ್ತ ಅಷ್ಟು. ಈಗ ಉಗಿಯಿರಿ.

ಮೇಣದ ಉಂಡೆ ಸಿಕ್ಕ ಎರಡನೆಯ ದಿನ ಬಸ್ಸು ಹತ್ತಿದೆ. ಎಲ್ಲ ಹೇಳಿಬಿಡುತ್ತೇನೆ, ಕಾಲು ಹಿಡಿಯುತ್ತೇನೆ, ಅವನು ಕಣ್ಣು ಮುಚ್ಚಿ ನಗುತ್ತಾನೆ... ದಾರಿಯುದ್ದಕ್ಕೂ ಅದನ್ನೇ ಅಭ್ಯಾಸ ಮಾಡಿಕೊಂಡು ಹೋದೆ.

ಅಕ್ಕ ಅಂಗಳದಲ್ಲಿ ಸೀಗೆಕಾಯಿ ಹರವುತ್ತಿದ್ದಳು. ಕೊರಳು ಬರಿದಾಗಿತ್ತು. ಅದನ್ನು ನೋಡಿದ ಮೇಲೆ ಕೇಳುವುದೇನಿತ್ತು? ಹೋದ ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ, ಹತ್ತು ದಿನ ನರಳಿ ಹೋದನಂತೆ. ನಾನು ಚೀಲ ಹೊತ್ತುಕೊಂಡೇ ನೆಲದ ಮೇಲೆ ಕುಸಿದೆ. ಅವಳು ನೀರು ತಂದು ಕೊಡಲಿಲ್ಲ. ಸೀಗೆಕಾಯಿ ಹರವಿ ಮುಗಿಸಿ, ಕೈ ಒರೆಸಿಕೊಂಡು ಬಂದು ಎದುರಿಗೆ ಕೂತಳು.

"ಸಾಯಾಕೆ ಮೂರು ದಿನ ಮುಂಚೆ ಜ್ವರದಲ್ಲಿ ಕನವರಿಸ್ಕಂಡು ಯೋಳಿದ್ರು. ಚಿರತೆ, ಪೋಟ, ಎಲ್ಲ."

"ಅಕ್ಕಾ, ತಪ್ಪಾಯ್ತು" ಅನ್ನಲು ಹೋದೆ. ಅವಳು ಕೈ ಅಡ್ಡ ಹಿಡಿದಳು.

"ನನ್ತಾವ ಏನೂ ಅನ್ಬ್ಯಾಡ. ಬಿದ್ದೋರು ಬಿದ್ರು, ಓದೋರು ಓದ್ರು. ನನ್ ತಮ್ಮ ಇದಾನಲ್ಲ, ಅವನು ಇವ್ರ ಜೊತೆ ಕೂತು ಒಂದ್ ತುತ್ತು ಉಣ್ಣನಿಲ್ಲ ಕಣಪ್ಪ, ಆರು ವರ್ಸ. ನನ್ನಿಂದ್ಲೇ ಭಾವ ಕಾಲು ಕಳ್ಕಂಡ, ನಾನು ಯಾವ ಮೊಖ ಇಟ್ಕಂಡು ಎದುರು ಕೂರ್ಲಿ ಅಂತಾನೆ. ಇನ್ನೂ ಬೆಳಕಾಗೋ ಮುಂಚೆ ಬಂದು ಸೌದೆ, ರಾಗಿ ಬಾಗ್ಲಲ್ಲಿ ಇಟ್ಟು ಓಡೋಗನು. ಇವ್ರು ಬಾಗ್ಲಲ್ಲೇ ಕೂತು, ಅವನು ಅತ್ಲಾಗಿ ಓದ್ರೂ ಬಾಮೈದ, ಇತ್ಲಾಗಿ ಬಂದ್ರೂ ಬಾಮೈದ ಅಂತ ಕೂಗೋರು. ಅವನು ತಲೆ ಬಗ್ಗಿಸ್ಕಂಡು ಓಗ್ಬುಡನು."

ನೀನಾದರೂ ಆಮೇಲೆ ತಮ್ಮನಿಗೆ ಹೇಳಬಾರದಿತ್ತೇ ಅಂತ ಕೇಳಿದೆ. ಕೇಳುವ ಮುಖ ನನಗಿರಲಿಲ್ಲ, ಆದರೂ ಕೇಳಿದೆ.

"ಯೋಳ್ದೆ. ನಂಬ್ನಿಲ್ಲ. ನನ್ನ ಸಮಾಧಾನ ಮಾಡಕೆ ಕತೆ ಕಟ್ತೀಯ ಅಂದ. ಇವ್ರು ಇದ್ದಾಗ್ಲೇ ಇವ್ರಿಗೂ ಅಂದಿದ್ದೆ, ನೀವೇ ಅವನ್ನ ಕರ್ದು ಯೋಳ್ರಿ ಅಂತ. ಆಣೆ ಇಟ್ಟಿವ್ನಿ, ಅವನೇ ಬಂದು ಯೋಳ್ತಾನೆ, ಬತ್ತಾನೆ ನೋಡು ಅಂದ್ರು. ಬತ್ತಾನೆ, ಬತ್ತಾನೆ... ಅದೇ ಆಯ್ತು. ಅಗ್ಗ ಇಡ್ದಿದ್ದೋನು ನೀನು. ನೀನೇ ಯೋಳ್ಬೇಕು. ಕರೀತೀನಿ ಇರು."

ಅವನು ಬಂದ. ಇನ್ನೂ ನಲವತ್ತೈದು ಆಗಿರಲಿಕ್ಕಿಲ್ಲ, ಕೂದಲು ಪೂರಾ ಬೆಳ್ಳಗಾಗಿತ್ತು. ಅಕ್ಕನ ಮನೆಯ ಹೊಸ್ತಿಲ ಹೊರಗೇ ನಿಂತ. ನಾನು ಎದ್ದು ನಿಂತು ಹೇಳಿದೆ. ಅಭ್ಯಾಸ ಮಾಡಿದ್ದ ಮಾತೊಂದೂ ಬರಲಿಲ್ಲ. ಚಿರತೆ ಬಂತು, ಹಗ್ಗ ಬಿಟ್ಟೆ, ಎರಡು ಸಲ ಜಗ್ಗಿದ್ದು ಗೊತ್ತಾಯಿತು, ಆದರೂ ಬಿಟ್ಟೆ. ಭಾವ ಜಾರಲಿಲ್ಲ. ನನ್ನಿಂದ ಬಿದ್ದ. ಇಷ್ಟೇ ಆಗಿತ್ತು ಹೇಳುವುದು; ಅರ್ಧ ನಿಮಿಷವೂ ಹಿಡಿಯಲಿಲ್ಲ.

ಅವನು ನನ್ನ ಕೈಗಳನ್ನು ನೋಡಿದ. "ಮೋಟ್ಗೆ ಎಷ್ಟ್ ಸುತ್ತು ಸುತ್ತಿದ್ದೆ?" ಅಂದ.

"ಎರಡು."

"ಕೈಬುಟ್ರೂ ನಿಲ್ಬೇಕು ಅಂದ್ರೆ ನಾಕು ಸುತ್ಬೇಕು." ಆಮೇಲೆ, "ಎರಡು ಸಲ ಜಗ್ಗಿದ್ರಾ?"

"ಹೂಂ."

"ಅಂಗಾರೆ ಜಾರ್ನಿಲ್ಲ..." ಅಂದ. "ಭಾವ ಜಾರೋ ಆಳಲ್ಲ. ನಾ ಅವತ್ತೂ ಅಂದ್ಕಂಡೆ, ಭಾವ ಎಂಗ್ ಜಾರ್ತದೆ ಅಂತ..."

ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿ ಅಂತಲೂ ಆಸೆಯಿತ್ತು. ಅವನು ತಿರುಗಿ ಗುಡಿಸಲ ಹಿಂದಿನ ಹೊಂಗೆಮರದ ಕಡೆ ನಡೆದ. ಭಾವನನ್ನು ಮಣ್ಣು ಮಾಡಿದ್ದು ಅಲ್ಲಿ. ಸ್ವಲ್ಪ ಹೊತ್ತಿಗೆ ಅವನ ದನಿ ಕೇಳಿತು. ಅಳುವುದು, ನಡುವೆ ಮಾತಾಡುವುದು, ಮತ್ತೆ ಅಳುವುದು. ಏನು ಹೇಳುತ್ತಿದ್ದನೋ ತಿಳಿಯಲಿಲ್ಲ. ಅಕ್ಕ ಒಳಗೆ ಹೋಗಿ, ಒಂದು ಮುತ್ತುಗದೆಲೆಗೆ ಮುದ್ದೆ, ಅವರೆಕಾಳಿನ ಸಾರು ಹಾಕಿಕೊಂಡು, ನನ್ನ ಪಕ್ಕದಿಂದಲೇ ಹಾದು ಅಲ್ಲಿಗೆ ಹೋದಳು. ಒಂದೇ ಎಲೆ. ನಾನು ಅಂಗಳದಲ್ಲಿ ಒಬ್ಬನೇ ಕೂತಿದ್ದೆ. ನನ್ನನ್ನು ಯಾರೂ ಕರೆಯಲಿಲ್ಲ, ಕರೆಯಬೇಕಾದ್ದೂ ಇರಲಿಲ್ಲ.

ಸಂಜೆಯ ಬಸ್ಸಿಗೆ ಹೊರಟಾಗ ಅವನೇ ಒಂದು ಕೋಲು ಹಿಡಿದು ರಸ್ತೆಯ ತನಕ ಬಂದ. ಆನೆ ಓಡಾಡುವ ಹೊತ್ತು, ಒಬ್ಬನೇ ಹೋಗಬಾರದು ಅಂದ. ಬಸ್ಸು ಬಂದಾಗ ನನ್ನ ಎರಡೂ ಕೈ ಹಿಡಿದುಕೊಂಡ. ಕಣ್ಣು ಊದಿದ್ದವು, ಆದರೆ ಮುಖ ಹಗುರವಾಗಿತ್ತು.

"ಬಂದು ಯೋಳ್ದೆಯಲ್ಲ ಸಾ, ದೊಡ್ ಉಪ್ಕಾರ ಆಯ್ತು. ಆರು ವರ್ಸದ್ ಮ್ಯಾಲೆ ಇವತ್ತು ಭಾವನ ಜೊತೆ ಉಂಡೆ."

ಉಪಕಾರ! ಬೈದಿದ್ದರೆ ನುಂಗಿಕೊಳ್ಳುತ್ತಿದ್ದೆ. ಹೊಡೆದಿದ್ದರೆ ಒಂದು ವಾರ ಮೈ ನೋಯುತ್ತಿತ್ತು, ಆಮೇಲೆ ನಾನು ಮರೆಯುತ್ತಿದ್ದೆ, ನನ್ನ ಜಾತಿಯೇ ಅಂಥದ್ದು. ಈ ಉಪ್ಕಾರ ಅನ್ನುವ ಮಾತನ್ನು ಏನು ಮಾಡಲಿ? ಹೆಂಡತಿಗೆ ಎಲ್ಲ ಹೇಳಿದ್ದೇನೆ. ಅವಳು ಗೋಡೆಯ ಮೇಲಿದ್ದ ಚಿರತೆಯ ಫೋಟೊ ತೆಗೆದು ಕೆಳಗಿಟ್ಟಳು. ಮೊಳೆ ಹಾಗೇ ಇದೆ.

ಈಗ ಮಳೆ ಶುರುವಾಗಿದೆ. ಆ ಬಂಡೆಯ ಹುಟ್ಟುಗಳನ್ನು ಈ ವರ್ಷವೂ ಯಾರೂ ಇಳಿಸಿರಲಿಕ್ಕಿಲ್ಲ. ಭಾವ ಬಾಗಿಲಲ್ಲಿ ಕೂತು ಬಾಮೈದನನ್ನು ಕೂಗುತ್ತಿದ್ದ ಬೆಳಗುಗಳು ಎಷ್ಟು ಆಗಿರಬಹುದು ಅಂತ ಲೆಕ್ಕ ಹಾಕಲು ಹೋಗುತ್ತೇನೆ, ಅರ್ಧಕ್ಕೆ ಬಿಡುತ್ತೇನೆ. ನಮ್ಮ ಮನೆಯಿಂದ ಆ ಪೋಡಿಗೆ ಎರಡು ಗಂಟೆಯ ದಾರಿ. ದಿನವೂ ಬಸ್ಸಿದೆ.